ಶುಗರ್ ಗುಳಿಗೆ ನುಂಗಿ ಲಾರಿ ಹತ್ತುವವರಿಗೆ

ಕಳಂಬೊಳಿಯಲ್ಲಿ ಸ್ಟೇರಿಂಗ್ ಕೊಡುವ ಮೊದಲು ನಮ್ಮ ಮೂತ್ರ ಕೇಳುತ್ತಾರೆ. ಮುನವಳ್ಳಿಯಿಂದ ಬಂದ ಹೊಸದರಲ್ಲಿ ಸಣ್ಣ ಬಾಟಲಿ ಹಿಡಿದು ಬೆಪ್ಪನಂತೆ ನಿಂತಿದ್ದೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರನ್ನು ಕೆಸರಿನಿಂದ ಎಬ್ಬಿಸಿದವನಿಗೆ ‘ಕೈ ಚಲೋ ಐತಿ’ ಅಂದರೆ ಪರೀಕ್ಷೆ ಮುಗಿಯಿತು. ಮುಂಬೈ ಮಗ್ಗುಲಿನ ಈ ಉಕ್ಕಿನ ಪೇಟೆಯಲ್ಲಿ ಕಣ್ಣು, ಬಿ.ಪಿ., ಶುಗರ್ ನೋಡದೆ ನಮ್ಮ ಲಾರಿ ಮಾಲೀಕ ಸೇಠರು ಕೀಲಿಕೈ ಮುಟ್ಟಗೊಡುವುದಿಲ್ಲ.

ಖೋಲಿ ಹಿಡಿದೆ, ಮರಾಠಿಯಲ್ಲಿ ಜಗಳಾಡುವುದನ್ನು ಕಲಿತೆ. ರೊಟ್ಟಿಯ ಜಾಗಕ್ಕೆ ಉಸಳ-ಪಾವ್ ಬಂತು, ಅಂದರೆ ಮೊಳಕೆ ಕಾಳಿನ ಪಲ್ಯ, ಬನ್ನು. ಸೇಠರೊಡನೆ ಚೌಕಾಶಿ ಮಾಡುವಷ್ಟು ಗಟ್ಟಿಯಾದ ಮೇಲೆ ಸಿರಸಂಗಿಯಿಂದ ಅಕ್ಕನ ಗಂಡ ಮಲ್ಲಣ್ಣನನ್ನು ಕರೆಸಿಕೊಂಡೆ.

ಪರೀಕ್ಷೆ ಮಾಡಿದ ಡಾಕ್ಟರು ಅವನಿಗೆ ಶುಗರ್ ಇದೆ ಎಂದು ಗುಳಿಗೆ ಕೊಟ್ಟರು. ಅದು ಹದಕ್ಕೆ ಬಂದ ಮೇಲೆಯೇ ಗಾಡಿ ನಡೆಸಬಹುದೆಂಬ ಚೀಟಿಗೆ ಸಹಿ.

“ಗುಳಿಗಿ ನುಂಗಾಂವಗ ಗಾಡಿ ಯಾರ ಕೊಡ್ತಾರೋ? ಸೇಠಗ ಹೇಳಬ್ಯಾಡ,” ಅಂದ ಮಲ್ಲಣ್ಣ ಮಾಮಾ.

“ಮುಚ್ಚಿಟ್ರ ಘಾಟಿನ್ಯಾಗ ಗಾಡೀನ ಹೇಳತೈತಿ, ಮಾಮಾ,” ಅಂದೆ.

ಸೇಠರಿಗೆ ಇದ್ದದ್ದನ್ನು ಹೇಳಿ, ಅಲ್ಲಿಯವರೆಗೆ ಲೋಡಿನ ಮೇಲೆ ತಾಡಪತ್ರಿ ಹೊದಿಸಿ ಕಟ್ಟುವ ಕೆಲಸ ಕೊಡಿಸಿದೆ. ಕೊನೆಗೆ ಸಹಿಯೂ ಸಿಕ್ಕಿತು. ಆದರೆ ಸೇಠರ ಎದುರು ಗಾಡಿ ನಡೆಸಿ ತೋರಿಸುವಾಗ ಮಾಮಾನ ಕೈ ನಡುಗಿತು, ಅಂಗಿ ಬೆವರಿನಿಂದ ತೊಯ್ದಿತು. ಎದುರಿನ ಗೋಡೆಯನ್ನು ಸುಮ್ಮನೆ ನೋಡುತ್ತಾ ಅತ್ತಲೇ ಗಾಡಿ ಬಿಟ್ಟ. ಪಕ್ಕದಲ್ಲಿದ್ದ ನಾನು ಹ್ಯಾಂಡ್ ಬ್ರೇಕ್ ಎಳೆದೆ.

“ಏನ್ ತಿಂದೀರಿ?”

“ಸೋಮವಾರ ಐತಲ್ಲೋ. ಒಪ್ಪತ್ತು, ಸಂಜೀಕ ಊಟ. ಗುಳಿಗಿ ಮಾತ್ರ ತಪ್ಪಿಸಿಲ್ಲ ನೋಡ!”

ಸಕ್ಕರೆ ಸುರಿದ ಚಹಾ ಕುಡಿಸಿ ಡಾಕ್ಟರ ಬಳಿ ಕರೆದೊಯ್ದೆ. ಈ ಗುಳಿಗೆ ನುಂಗಿ ಹಸಿದಿದ್ದರೆ ಶುಗರ್ ಕುಸಿಯುತ್ತದೆ, ಉಣ್ಣದೆ ಗಾಡಿ ಮುಟ್ಟಬೇಡ ಎಂದು ಅವರು ಗದರಿದರು. ಊರಿಂದ ಬರುವವರೇ, ಡಾಕ್ಟರಿಗೆ ರೋಗದ ಜೊತೆ ನಿಮ್ಮ ವಾರ-ವ್ರತವನ್ನೂ ಹೇಳಿ. ನೆಗಡಿಯ ಗುಳಿಗೆ ಕೊಳ್ಳುವಾಗಲೂ ನಿದ್ದೆ ತರಿಸುತ್ತದೆಯೇ ಎಂದು ಕೇಳಿ. ಕೇಳಿದರೆ ಮಾನವೇನೂ ಹೋಗುವುದಿಲ್ಲ.

ಸೇಠರು ಮಾಮಾನನ್ನು ಊರಿಗೆ ಕಳಿಸಿಬಿಡು ಅಂದರು. ನಾನು ಜಗ್ಗಲಿಲ್ಲ. ಒಂದು ಟ್ರಿಪ್ ಕೊಡಿ, ಪಕ್ಕದಲ್ಲಿ ನಾನಿರುತ್ತೇನೆ, ಒಂದು ಊಟ ತಪ್ಪಿಸಿದರೂ ಕೀಲಿಕೈ ಕಸಿದು ನಾನೇ ಬಸ್ ಹತ್ತಿಸುತ್ತೇನೆ ಎಂದೆ. ಒಪ್ಪಿದರು, ಒಂದೇ ಟ್ರಿಪ್ಪಿಗೆ.

ಹುಬ್ಬಳ್ಳಿಗೆ ಲೋಡು. ಕಿತ್ತೂರು ಮುಟ್ಟಿದಾಗ ಸೋಮವಾರದ ಬೆಳಗು. ನಾವು ಬರುವ ಸುದ್ದಿ ಫೋನಿನಲ್ಲಿ ತಿಳಿದ ಅಕ್ಕ ಬುತ್ತಿ ಹಿಡಿದು ಹೆದ್ದಾರಿಯ ಮಗ್ಗುಲಿಗೆ ಬಂದಿದ್ದಳು.

“ಸಂಜೀಕ ಪೂಜಿ ಮುಗಿಸಿ ಬಿಚ್ಚರಿ,” ಅಂದಳು.

ಮಾಮಾ ನನ್ನ ಮುಖ ನೋಡಿದ. ನಾನು ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡೆ. ಅವನು ಅಲ್ಲೇ ಕುಂತು ಗಂಟು ಬಿಚ್ಚಿ ರೊಟ್ಟಿ ಮುರಿದ.

“ಅಯ್ಯ, ಸೋಮವಾರರೀ! ಮುಂಬೈಕ ಹೋಗಿ ದೇವರನ್ನೂ ಬಿಟ್ರೇನು?”

“ಬಿಟ್ಟಿಲ್ಲ. ಗಾಡಿ ನಡಸೂದೈತಿ. ಉಣ್ಣಲಿಲ್ಲಂದ್ರ ಕಣ್ಣಿಗೆ ಕತ್ತಲಿ ಬರತೈತಿ.”

ಅಕ್ಕ ರೊಟ್ಟಿಯ ಮೇಲೆ ಇನ್ನಷ್ಟು ಶೇಂಗಾ ಚಟ್ನಿ ಹಾಕಿದಳು. “ಉಣ್ರಿ. ನಿಮ್ಮ ಒಪ್ಪತ್ತೂ ನಾನ ಹಿಡೀತೇನಿ.”

ಉಂಡಾದ ಮೇಲೆ ಕೀಲಿಕೈ ಕೊಟ್ಟೆ. ಸಿರಸಂಗಿಯ ಮನೆ ಅಲ್ಲಿಂದ ಒಂದು ಬಸ್ಸಿನಷ್ಟೇ ದೂರವಿತ್ತು. ಮಾಮಾ ಆ ಕಡೆ ಒಮ್ಮೆ ನೋಡಿ, ಗೇರ್ ಹಾಕಿ ಹುಬ್ಬಳ್ಳಿಯ ದಾರಿ ಹಿಡಿದ.