ರೊಟ್ಟಿ ಬಡಿದ ಕೈ, ಐಸ್ ತುಂಬಿದ ಕೈ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಾವು ಗೋವಾದ ಕೊರ್ತಾಲಿಮ್‌ನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನ ಹತ್ತಿರ ಗುಂಡಿ ಒತ್ತುವ ಮೊಬೈಲು ಇತ್ತು, ಆದರೆ ಜ್ವರ ನೋಡುವ ಕಡ್ಡಿ ಇರಲಿಲ್ಲ. ಅವ್ವನ ಅಂಗೈಯೇ ನಮ್ಮ ಥರ್ಮಾಮೀಟರು. ಅಕ್ಕಪಕ್ಕದವರೂ ಮಕ್ಕಳನ್ನು ಎತ್ತಿಕೊಂಡು ಬಂದು, "ಒಂಚೂರು ಮುಟ್ಟಿ ನೋಡ್ರಿ ಅಕ್ಕಾ" ಅನ್ನುತ್ತಿದ್ದರು.

ಅವತ್ತು ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೂರು ವರ್ಷದ ತಂಗಿ ಚಾಪೆಯ ಮೇಲೆ ಮುದುಡಿಕೊಂಡಿದ್ದಳು, ಹಾಲನ್ನೂ ಕೇಳಲಿಲ್ಲ. ಕಾದ ಹಂಚಿನ ಮೇಲೆ ರೊಟ್ಟಿ ತಿರುವಿದ ಅದೇ ಕೈಯಿಂದ ಅವ್ವ ಅವಳ ಹಣೆ ಮುಟ್ಟಿದಳು. "ಜ್ವರಾ ಏನಿಲ್ಲ, ನಿದ್ದಿ ಆಗಿಲ್ಲ ಅಷ್ಟs" ಅಂದಳು.

ಅಷ್ಟರಲ್ಲಿ ಅಪ್ಪ ಬಂದ. ದೋಣಿಗಳು ಬಂದು ನಿಲ್ಲುವ ಜೆಟ್ಟಿಯಲ್ಲಿ ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬುವುದು ಅವನ ಕೆಲಸ. ಬೆರಳುಗಳು ಬಿಳಿಚಿ ಮರಗಟ್ಟಿರುತ್ತಿದ್ದವು. ತಂಗಿಯನ್ನು ಮುಟ್ಟಿದವನೇ, "ಮೈ ಕೆಂಡ ಆಗೇತಲ್ಲ! ದವಾಖಾನಿಗೆ ಹೋಗೂಣು ನಡಿ" ಎಂದ. ಅವ್ವ ನಕ್ಕುಬಿಟ್ಟಳು. "ಐಸ್ ಹಿಡದ ಕೈಗೆ ಯಾರ ಮೈ ಬಿಸಿ ಹತ್ತಂಗಿಲ್ಲ ಹೇಳ್ರಿ? ಮೊನ್ನೆ ಇವಂಗೂ ಜ್ವರಾ ಅಂದಿದ್ರಿ." ನಾನೂ ಕಿಸಕ್ಕೆಂದು ನಕ್ಕೆ. ಅಪ್ಪ ಪೆಚ್ಚಾಗಿ ಅವಳ ಪಕ್ಕದಲ್ಲೇ ಕೂತ.

ಅರ್ಧ ತಾಸೂ ಆಗಿರಲಿಲ್ಲ. ತಂಗಿಯ ಕಣ್ಣುಗುಡ್ಡೆಗಳು ಮೇಲೆ ಸರಿದವು, ಕೈಕಾಲು ಸೆಟೆದು ಅದುರತೊಡಗಿದವು. "ಅಯ್ಯೋ ನನ್ನ ಕೂಸs!" ಎಂದು ಅವ್ವ ಬಾಯಿ ಬಾಯಿ ಬಡಿದುಕೊಂಡಳು. ನಾನು ಬರಿಗಾಲಲ್ಲೇ ಓಡಿ ಮನೆಯ ಮಾಲಕಿಯನ್ನು ಕರೆತಂದೆ. ಆಕೆ ಹಿಂದೆ ನರ್ಸ್ ಆಗಿದ್ದವರು. ತಂಗಿಯನ್ನು ಮಗ್ಗುಲಿಗೆ ಹೊರಳಿಸಿದರು. ಅದುರುವುದು ನಿಂತ ಮೇಲೆ ಕಂಕುಳಲ್ಲಿ ಗಾಜಿನ ಕಡ್ಡಿಯಿಟ್ಟು, ತೋಳನ್ನು ಒತ್ತಿ ಹಿಡಿಯಲು ನನಗೆ ಹೇಳಿದರು. ನಾನು ಎರಡೂ ಕೈಯಿಂದ ಒತ್ತಿ ಹಿಡಿದೆ. ಕಡ್ಡಿ ನೋಡಿ ಆಕೆ, "ಏಕ್ ಸೌ ಚಾರ್!" ಅಂದರು. ನೂರಾ ನಾಲ್ಕು! ಆರಾಮ ಇರುವವರ ಮೈ ತೊಂಬತ್ತೆಂಟರ ಆಸುಪಾಸು ಇರಬೇಕಂತೆ.

ಅಪ್ಪ ಮಗುವನ್ನು ಎದೆಗವಚಿಕೊಂಡು ರಿಕ್ಷಾ ಹತ್ತಿದ. ಅವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಹಿಂದೆ ಓಡಿದಳು. ನಾನು ಹೊಸ್ತಿಲ ಮೇಲೆ ಕೂತು, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಸಂಜೆ ಅವರು ಬಂದಾಗ ತಂಗಿ ಅಪ್ಪನ ಹೆಗಲ ಮೇಲೆ ಬೆವರಿ ನಿದ್ದೆಹೋಗಿದ್ದಳು. ಮಾಲಕಿ ಮತ್ತೆ ಕಡ್ಡಿ ಇಟ್ಟರು. ತೊಂಬತ್ತೊಂಬತ್ತು. ಅವ್ವ ಗೋಡೆಗೆ ಮುಖ ಮಾಡಿ ಅತ್ತಳು. ಆಮೇಲೆ ಯಾರು ಮಕ್ಕಳನ್ನು ತಂದರೂ, "ಹಂಚಿನ ಮುಂದ ಕಾದ ನನ್ನ ಕೈ ನಂಬಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ" ಅನ್ನುತ್ತಿದ್ದಳು.

ಮಕ್ಕಳೇ, ನಿಮಗೆ ಮೈ ಬಿಸಿಯಾದರೆ ಮಣಿಕಟ್ಟಿನ ಗಡಿಯಾರವೇ ಕೂಗಿಕೊಳ್ಳುತ್ತದೆ, ಮನೆಯವರೆಲ್ಲ ಎದ್ದು ಓಡಿ ಬರುತ್ತಾರೆ. ನಮ್ಮ ಮನೆಯಲ್ಲಿ ಅವತ್ತು ಕೂಗಿದವನು ಅಪ್ಪ ಒಬ್ಬನೇ. ಅವನನ್ನು ನೋಡಿ ನಾವು ನಕ್ಕೆವಲ್ಲ, ಅದಕ್ಕೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.