ಏಳು ಒಂದುಗಳ ಲೆಕ್ಕ

ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಏಳು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಈ ಸಂಖ್ಯೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಿಜಾಮರ ಕಾಲದ ಕುಷ್ಟಗಿಯಲ್ಲಿ ನಮ್ಮಪ್ಪನದು ಕಾಳಿನ ಅಂಗಡಿ. ಉರ್ದು ಶಾಲೆಯ ಮಾಸ್ತರರೊಬ್ಬರು ಅಲ್ಲಿ ಬಂದು ಕೂರುತ್ತಿದ್ದರು. ಒಂದು ದಿನ, ಈ ಸಂಖ್ಯೆಯನ್ನು ಶೇಷ ಉಳಿಯದಂತೆ ಎರಡು ಸಂಖ್ಯೆಗಳ ಗುಣಾಕಾರವಾಗಿ ಒಡೆಯಲು ಬರುತ್ತದೆಯೇ ಎಂದು ಕೇಳಿದರು. ಯಾರಿಗೂ ಬರಲಿಲ್ಲ.

ಊರ ಶಾಲೆಯಲ್ಲಿದ್ದಷ್ಟು ಓದಿ ಮುಗಿಸಿದ್ದ ನಾನು ಗದಗಿನ ಸೋದರಮಾವನ ಮನೆಯಲ್ಲಿದ್ದು ಮುಂದೆ ಕಲಿಯುತ್ತೇನೆಂದು ದಿನಾ ಅಪ್ಪನ ತಲೆ ತಿನ್ನುತ್ತಿದ್ದೆ. ಅವತ್ತು ಬುತ್ತಿ ಕೊಡಲು ಅಂಗಡಿಗೆ ಹೋದವಳಿಗೆ ಅಪ್ಪ ಎಲ್ಲರೆದುರು ನಗುತ್ತ, "ಇದನ್ನ ಒಡದು ತೋರ್ಸವಾ, ಗದಗಿಗೆ ಕಳಸ್ತೀನಿ," ಎಂದ. ಬಾಯಿ ಮುಚ್ಚಿಸಲು ಹೇಳಿದ ಮಾತು. ಗೊತ್ತಿದ್ದೂ ಪಾಟಿ ಹಿಡಿದೆ.

ಇಂಥ ಮೊಂಡು ಸಂಖ್ಯೆಯನ್ನು ನಾನು ಕಂಡಿಲ್ಲ. ಮೂರರಿಂದ ಭಾಗಿಸಿದರೆ ಒಂದು ಉಳಿಯಿತು. ಏಳರಿಂದಲೂ ಒಂದು, ಹನ್ನೊಂದರಿಂದಲೂ ಒಂದು, ಹದಿಮೂರರಿಂದಲೂ ಅದೇ ಹಾಳು ಒಂದು. ಹದಿನೇಳಕ್ಕೆ ಎಂಟು ಉಳಿದಾಗ ಖುಷಿಪಟ್ಟೆನೆಂದರೆ ನೋಡಿ ನನ್ನ ಗತಿ. ಮೂವತ್ತೇಳಕ್ಕೆ ಬಂದರೆ ಮತ್ತೆ ಒಂದು. ಬಾಯಿಗೆ ಬರುತ್ತಿದ್ದ ಮಗ್ಗಿ ಮೂವತ್ತಕ್ಕೇ ಮುಗಿಯುತ್ತಿತ್ತು, ಮುಂದಿನದನ್ನೆಲ್ಲ ನಾನೇ ಕಟ್ಟಿಕೊಳ್ಳಬೇಕು. ಅಷ್ಟರಲ್ಲಿ ಅವ್ವ ರೊಟ್ಟಿ ಬಡಿಯಲು ಕರೆಯುತ್ತಿದ್ದಳು. ಒಂದೆರಡು ಸಲ ಅತ್ತೂ ಬಿಟ್ಟೆ.

ಕೊನೆಗೆ ಇನ್ನೂರಾ ಮೂವತ್ತೊಂಬತ್ತಕ್ಕೆ ಅದು ಒಡೆಯಿತು. ಭಾಗಲಬ್ಧ ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತು, ಶೇಷ ಸೊನ್ನೆ. ಅಪ್ಪ ಎರಡನ್ನೂ ಬಾಯಿಪಾಠ ಮಾಡಿಕೊಂಡು ಅಂಗಡಿಗೆ ಹೋದವನು ಸಂಜೆ ಕೆಂಡವಾಗಿ ಬಂದ.

"ನಾಕು ಮಂದ್ಯಾಗ ನನ್ನ ಮರ್ಯಾದಿ ಹೋತು. ಮಾಸ್ತರ್ರು ಗುಣಿಸಿದ್ರ ಹದಿನೈದು ಲಕ್ಷದ ಮ್ಯಾಲ ಬಂತು."

"ಏನಂತ ಬರದ್ರಿ ಅಪ್ಪಾ?"

"ಆರು ಸಾವಿರದ ನಾಕನೂರಾ ನಲವತ್ತೊಂಬತ್ತು."

"ನಾಕು ಸಾವಿರದ ಆರನೂರಾ ಐತ್ರಿ. ಅದಲಬದಲ ಆಗೇತಿ."

"ಒಂಬತ್ತರ ತಾಳಿ ನೋಡೇ ಕೊಟ್ಟೀನಿ. ಸರಿ ಬಂದೈತಿ."

ಅಂಗಡಿಕಾರರು ಯಾವ ಗುಣಾಕಾರವನ್ನೂ ಎರಡನೇ ಸಲ ಮಾಡುತ್ತಿರಲಿಲ್ಲ. ಅಂಕಿಗಳನ್ನು ಕೂಡಿ, ಒಂಬತ್ತುಗಳನ್ನು ಕಳೆದು, ಎರಡೂ ಕಡೆ ಉಳಿದದ್ದು ತಾಳೆಯಾದರೆ ಲೆಕ್ಕ ಸರಿ; ಅಪ್ಪ ತಾಳಿ ಎನ್ನುತ್ತಿದ್ದದ್ದು ಇದನ್ನೇ. ನಾಲ್ಕು, ಆರು ಜಾಗ ಬದಲಿಸಿದರೆ ಕೂಡಿದ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಈ ತಪ್ಪು ಆ ತಾಳೆಗೆ ಕಾಣುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಅಪ್ಪ ಕೇಳಲೊಲ್ಲ. ಮೈಯೆಲ್ಲ ಉರಿದು, ಅವನೆದುರೇ ಕೂತು ಪೂರ್ತಿ ಗುಣಿಸಿದೆ. ಏಳು ಒಂದುಗಳು ಬಂದವು.

ಅಪ್ಪ ಪಾಟಿಯ ಮೇಲಿನ ಒಂದುಗಳನ್ನು ಬೆರಳಿಟ್ಟು ಎಣಿಸಿದ.

"ನಿಂದು ಖರೆ ಐತಿ," ಎಂದ ಮೆಲ್ಲಗೆ. "ಆದ್ರ ನನ್ನ ತಾಳಿ ತಪ್ಪತೈತಿ ಅಂತ ಪ್ಯಾಟಿಗೆ ಗೊತ್ತಾದ್ರ ನಾಳೆ ನನ್ನ ಮಾತು ಯಾರ್ ನಂಬ್ತಾರವಾ?"

ನನ್ನನ್ನು ಗದಗಿಗೆ ಕಳಿಸಿದರೆ ನನ್ನ ಲೆಕ್ಕ ಸರಿಯಿತ್ತು, ತಪ್ಪಿದ್ದು ಅಪ್ಪನ ತಾಳೆ ಎಂದು ಪೇಟೆಗೆಲ್ಲ ಗೊತ್ತಾಗುತ್ತಿತ್ತು. ಅಪ್ಪ ಕಳಿಸಲಿಲ್ಲ.