‘ರೆಡಿ’ ಅನ್ನದೆ ತೆಗೆದ ಫೋಟೋ

ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಜೀವಮಾನವಿಡೀ ನಾನು ಮಂದಿಗೆ ಹೇಳಿದ್ದು ಎರಡೇ ಮಾತು: ‘ಅಲುಗಾಡಬ್ಯಾಡ್ರಿ’ ಮತ್ತು ‘ರೆಡಿ’. ರೆಡಿ ಅಂದರೆ ಸಾಕು, ಮದುಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂಡುತ್ತಿದ್ದರು.

ಇಂಥವನ ಬಳಿ ಹೆಂಡತಿಯದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಮದುವೆಯ ಫೋಟೋದಲ್ಲಿ ಅವಳ ಮುಖ ಸೆರಗಿನೊಳಗಿದೆ. ಆಮೇಲೆ ತೆಗೆದರಾಯಿತು ಅಂತ ನಾನು, ಮಗ್ಗ ಬಿಟ್ಟು ಏಳಲಾಗುವುದಿಲ್ಲ ಅಂತ ಅವಳು.

ರೀಲ್ ಕ್ಯಾಮೆರಾದ ಕೊನೆಯ ವರ್ಷಗಳವು. ಹುನಗುಂದದ ರಸ್ತೆಯಲ್ಲಿ ನಿಂತು, ಓಡುವ ಬಸ್ಸಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದನ್ನು ಕಲಿತಿದ್ದೆ. ಬಸ್ಸು ಸ್ಪಷ್ಟವಾಗಿ, ಹಿಂದಿನ ಬೇವಿನ ಮರಗಳು ಗೆರೆಗೆರೆಯಾಗಿ ಬರುತ್ತಿದ್ದವು. ಆ ಹುಚ್ಚು ಮನೆಗೂ ಬಂತು. ಅವಳು ಕುಣಿಮಗ್ಗದ ತಗ್ಗಿಗೆ ಕಾಲಿಳಿಬಿಟ್ಟು ನೇಯುವಾಗ ಅರ್ಧ ಸೆಕೆಂಡು ಶಟರ್ ತೆರೆದಿಡಬೇಕು. ಮುಖ ನಿಲ್ಲಬೇಕು, ಕೈ ಮತ್ತು ಲಾಳಿ ಮಾತ್ರ ಮಸುಕಾಗಿ ಹರಿಯಬೇಕು. ಬೆಳಕಿಂಡಿಯ ಕೆಳಗೆ ಸ್ಟ್ಯಾಂಡ್ ಹೂಡಿದೆ. ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು.

‘ನೀ ನೇಕೋಂತ ಇರು. ತಲಿ ಅಲುಗಾಡಸಬ್ಯಾಡ, ಕೈ ನಿಲ್ಲಸಬ್ಯಾಡ,’ ಅಂದೆ. ‘ರೆಡಿ!’

ಕೈ ನಿಂತೇಬಿಟ್ಟಿತು. ನನ್ನನ್ನೇ ನೋಡುತ್ತ ಗೊಂಬೆಯ ಹಾಗೆ ಕುಂತಳು. ನಾನು ಗುಂಡಿ ಒತ್ತಲಿಲ್ಲ.

‘ರೆಡಿ ಅಂದ ಮ್ಯಾಲೆ ಹೆಂಗ ಅಲುಗಾಡ್ಲಿರಿ? ನೀವ ಕಲಿಸೀರಿ,’ ಎಂದು ನಕ್ಕಳು.

ಎರಡನೆಯ ಸಲವೂ ಆ ಹಾಳು ಮಾತು ನನ್ನ ಬಾಯಿಂದ ಜಾರಿತು, ಎರಡನೆಯ ಸಲವೂ ಲಾಳಿ ನಿಂತಿತು. ತಲೆ ಕೆಟ್ಟಿತು ನನಗೆ. ಮೂರನೆಯ ಸಲ ಹಲ್ಲು ಕಚ್ಚಿಕೊಂಡು, ಮಾತಿಲ್ಲದೆ ಒತ್ತಿದೆ. ಶಟರ್ ತೆರೆದ ಗಳಿಗೆಯಲ್ಲೇ ಅವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

‘ಯಾಕ್ರಿ, ರೆಡಿ ಅನ್ಲೇ ಇಲ್ಲ?’

‘ಹಾಳ ಮಾಡಿದಿ ನೋಡು! ಇದ್ದದ್ದ ಒಂದು!’ ಎಂದು ಕೂಗಾಡಿದೆ.

‘ಇನ್ನೊಂದು ರೀಲ್ ತಂದು ತೆಗೀರಿ. ನಾ ಎಲ್ಲಿ ಓಡಿ ಹೋಗ್ತೇನಿ?’

ರೀಲ್ ತಂದೆ, ಮಂದಿಯ ಮದುವೆಗಳಿಗೆ ಬಳಸಿದೆ. ಆರು ತಿಂಗಳೊಳಗೆ ಒಂದು ಮುಂಜಾನೆ ಅವಳಿಗೆ ಎದೆನೋವು ಬಂತು. ಬಾಗಲಕೋಟೆಯ ದವಾಖಾನೆಗೆ ಹೋಗುವ ದಾರಿಯಲ್ಲೇ ತೀರಿಹೋದಳು.

ಹಾರ ಹಾಕಲು ಫೋಟೋ ಬೇಕೆಂದು ಅವಳ ತಮ್ಮ ಬಂದ. ಇದ್ದದ್ದನ್ನೇ ಕೊಟ್ಟೆ. ಬಳೆ, ಬೆರಳು, ಲಾಳಿಯೊಳಗಿನ ಕೆಂಪು ರೇಷ್ಮೆ, ಎಲ್ಲವೂ ಎಷ್ಟು ಸ್ಪಷ್ಟ! ಮುಖವಿರಬೇಕಾದಲ್ಲಿ ಬರೀ ಮಸುಕು.

ಅವನು ಫೋಟೋ ಬೆಳಕಿಗೆ ಹಿಡಿದು ನೋಡಿದ. ‘ಮಾಮಾ, ಇದರಾಗ ಅಕ್ಕನ ಮಾರೀನ ಇಲ್ಲಲ್ರಿ.’

ಫೋಟೋ ವಾಪಸ್ ಇಸಿದುಕೊಂಡು ಮಗ್ಗದ ಎದುರಿನ ಗೋಡೆಗೆ ನಾನೇ ತೂಗುಹಾಕಿದೆ. ಲಾಳಿಯ ಸದ್ದಿಲ್ಲದ ಮನೆಯಲ್ಲಿ ಒಬ್ಬನೇ ಉಣ್ಣುತ್ತೇನೆ. ಅವಳ ಮೇಲೆ ಕೂಗಾಡಿದ್ದು ನೆನಪಾಗಿ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಎರಡು ಸಲ ಅವಳು ನನ್ನನ್ನೇ ನೋಡುತ್ತ, ಒಂದಿಷ್ಟೂ ಅಲುಗಾಡದೆ ಕುಂತಿದ್ದಳು. ನಾನೇ ಗುಂಡಿ ಒತ್ತಲಿಲ್ಲ.